ಫ್ರೆಂಚ್ ಪೆಟ್ಟಿಗೆ ಮತ್ತು ಗಫೂರ್ ಚಾಚಾ

ಗಫೂರ್ ಚಾಚಾ ಮಣ್ಣಿನ ರುಚಿ ನೋಡುತ್ತಿದ್ದರು. ಬೀದರ್ ಕೋಟೆಯ ಮಣ್ಣನ್ನು ನಾಲಿಗೆಯ ತುದಿಗೆ ಹಚ್ಚಿ, ಕಣ್ಣು ಮುಚ್ಚಿ, ಬೆಳ್ಳಿ ಕೂಡಿಸಿದ ಬಿದರಿ ಸಾಮಾನಿಗೆ ಕಪ್ಪು ಬಣ್ಣ ಕೊಡುವ ತಾಕತ್ತು ಅದಕ್ಕಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದರು. ಸಪ್ಪೆಯಾಗಿದ್ದರೆ ಥೂ ಎಂದು ಉಗುಳಿ, ತಂದವನನ್ನು ದುರುಗುಟ್ಟಿ ನೋಡುತ್ತಿದ್ದರು. ಸಾಮಾನಿನ ಮೇಲೆ ಬೋಳು ಜಾಗ ಕಂಡರಂತೂ ಅವರಿಗೆ ಆಗುತ್ತಲೇ ಇರಲಿಲ್ಲ. "ಖಾಲಿ ಜಾಗಾ ಬಿಟ್ರ ಕಾರಿಗಾರಗ ಕೈ ಇಲ್ಲಂತ ಅರ್ಥರಿ," ಎನ್ನುತ್ತಿದ್ದರು.

ಇದು ಗೊತ್ತಿದ್ದೂ ಅವ್ವನ ಪೆಟ್ಟಿಗೆಯನ್ನು ಅವರ ಕೈಗೆ ಕೊಟ್ಟೆ. ನನ್ನ ಬುದ್ಧಿಗೆ ಏನು ಹೇಳಲಿ!

ಅದು ಫ್ರಾನ್ಸ್ ದೇಶದ ಹಿತ್ತಾಳೆಯ ಒಡವೆ ಪೆಟ್ಟಿಗೆ. ಮುಚ್ಚಳದ ಮೇಲೆ ಅಲ್ಲಿನ ಯಾವುದೋ ದೊರೆಮನೆತನದ ಕಿರೀಟ, ಗುರಾಣಿ. ಗುರಾಣಿ ಅರ್ಧ ಸವೆದಿತ್ತು. ಭಾಲ್ಕಿಯ ಜಾಗೀರದಾರರ ಬೇಗಂ, ತಮ್ಮ ಮಗುವಿಗೆ ಹಾಲೂಡಿಸಿದ ನನ್ನಜ್ಜಿಗೆ ಅದನ್ನು ಕೊಟ್ಟರೆಂದು ಅವ್ವ ಹೇಳುತ್ತಿದ್ದಳು. ಕದ್ದದ್ದು ಎಂದು ಭಾಲ್ಕಿಯ ನಮ್ಮ ಓಣಿ ಹೇಳುತ್ತಿತ್ತು. ಆ ಮಾತು ಚಿಕ್ಕಂದಿನಿಂದ ಅವ್ವನ ಹೊಟ್ಟೆಯಲ್ಲಿ ಬೆಂಕಿಯಾಗಿತ್ತು. ಬೇಗಂರ ಮೊಮ್ಮಗಳು, ತನ್ನ ಅಜ್ಜಿ ಕೊಟ್ಟ ಪೆಟ್ಟಿಗೆಯ ಹಳೆಯ ಫೋಟೊ ಹಿಡಿದು ಹೈದರಾಬಾದಿನಿಂದ ಬರುವುದಾಗಿ ಹೇಳಿದಳು. ಅದೇ ಪೆಟ್ಟಿಗೆ ಇದು ಎಂದು ಆಕೆ ಒಪ್ಪಿದರೆ ಕಳುವಿನ ಮಾತು ಅಳಿಯುತ್ತಿತ್ತು. ನಾನು ಕಲಿಸುವ ಔರಾದದ ಶಾಲೆಗೆ ರಜೆ ಹಾಕಿ, ಮುಚ್ಚಳದ ಮುರಿದ ಕೀಲು ಕೂಡಿಸಲೆಂದು ಪೆಟ್ಟಿಗೆಯನ್ನು ಬೀದರಿಗೆ ಒಯ್ದೆ.

ಚಾಚಾ ಕೀಲು ಕೂಡಿಸಿದರು. ಗುರಾಣಿ ಸವೆದ ಜಾಗದಲ್ಲಿ ಬೆಳ್ಳಿ ತಂತಿ ಬಡಿದು, ಯಾರೂ ಕೇಳದ ಒಂದು ಹೂವನ್ನೂ ಅರಳಿಸಿದ್ದರು. ಬೈಯಲೋ, ಕೈ ಮುಗಿಯಲೋ ತಿಳಿಯಲಿಲ್ಲ. ಅಷ್ಟು ಚೆಂದ ಇತ್ತು.

ಮೊಮ್ಮಗಳು ಭಾಲ್ಕಿಯ ಮನೆಗೆ ಬಂದು ಫೋಟೊ ನೋಡಿದಳು, ಅದರಲ್ಲಿಲ್ಲದ ಹೂವು ನೋಡಿದಳು. ಇದು ನಮ್ಮದಲ್ಲ ಎಂದು ಉರ್ದುವಿನಲ್ಲಿ ಮೆಲ್ಲಗೆ ಹೇಳಿದಳು. ಫೋನಿನಲ್ಲಿ ನಾನು ಕೂಗಾಡಿದ್ದಕ್ಕೆ ಚಾಚಾ ಉಳಿ ಸಮೇತ ಭಾಲ್ಕಿಗೆ ಬಂದರು.

"ಹೂ ನಂದ್ರಿ, ತಪ್ಪೂ ನಂದ. ಐವತ್ತು ವರ್ಷದಾಗ ಕೂಡಿಸಿದ ಚಾಂದಿ ಎಂದೂ ಕಿತ್ತಿದ್ದಿಲ್ಲ," ಎಂದು ಎಸಳು ಎಸಳಾಗಿ ಕಿತ್ತರು. ಉಳಿದ ಅರ್ಧ ಗುರಾಣಿ, ಕಿರೀಟದ ಮೇಲಿನ ಗೀರು ಎಲ್ಲ ಫೋಟೊಗೆ ಸರಿಹೋದವು. "ಯಹೀ ಹೈ," ಇದೇ ಅದು ಎಂದು ಮೊಮ್ಮಗಳು ಅವ್ವನ ಕೈ ಹಿಡಿದಳು. ಅವ್ವ ಸೆರಗು ಬಾಯಿಗೊತ್ತಿ ಅತ್ತಳು.

ಬಸ್ ನಿಲ್ದಾಣದಲ್ಲಿ ಚಾಚಾ ಗೊಂದಲದಲ್ಲಿದ್ದರು. "ದೊರಿ ಮಾಡಿಸ್ದ, ಬೇಗಂ ಕೊಟ್ರು, ನಿಮ್ಮವ್ವ ಕಾಯ್ದಿಟ್ಲು. ಪೆಟ್ಟಿಗಿ ಯಾರ್ದಂತ ಅನ್ನಬೇಕು ಬೇಟಿ? ನನಗಂತೂ ತಿಳೀವಲ್ದು." ಅವರನ್ನು ಬೀದರಿನ ಬಸ್ಸು ಹತ್ತಿಸಿದೆ. ಅದೇ ಕೊನೆಯ ಭೇಟಿ.

ಮೂರು ತಿಂಗಳ ನಂತರ ಅವ್ವ ಪೆಟ್ಟಿಗೆಯನ್ನು ನನ್ನ ಮುಂದಿಟ್ಟಳು. "ಕಳುವಿನ ಮಾತು ಹೋಯ್ತಲ್ಲ, ಇನ್ನ ಆ ಹೂ ಮತ್ತ ಹಾಕಿಸ್ಕೊಂಡ್ ಬಾ. ಬೋಳ ನೋಡ್ಲಿಕ್ಕಿ ಆಗವಲ್ದು."

ಚಾಚಾ ತೀರಿಕೊಂಡು ಆಗಲೇ ಹದಿನೈದು ದಿನವಾಗಿತ್ತು. ಅವ್ವನಿಗೆ ಹೇಗೆ ಹೇಳಬೇಕೋ ತಿಳಿಯದೆ, ಪೆಟ್ಟಿಗೆಯನ್ನು ಚೀಲದಲ್ಲಿಟ್ಟುಕೊಂಡು ಬೀದರ್ ಬಸ್ಸು ಹತ್ತಿಬಿಟ್ಟೆ.