ಅಂಬಕ್ಕ ಕಾಶಿ ಬಿಟ್ಟ ಒಂದು ವಾರ

ಅಕ್ಟೋಬರ್ ಬಂತೆಂದರೆ ಬನಾರಸಿನ ತಾರಸಿಗಳ ಮೇಲೆಲ್ಲ ಉಣ್ಣೆ ಬಟ್ಟೆಗಳು ಬಿಸಿಲು ಕಾಯಿಸಿಕೊಳ್ಳುತ್ತವೆ. ಮೊನ್ನೆ ಭಾನುವಾರ ನಾನೂ ಕಬ್ಬಿಣದ ಪೆಟ್ಟಿಗೆ ತೆರೆದೆ. ನುಸಿಗುಳಿಗೆಯ ವಾಸನೆ ಗಪ್ಪೆಂದು ಮೂಗಿಗೆ ಬಂತು. ತಳದಲ್ಲಿ ಕಂದು ಬಣ್ಣದ ಒಂದು ಮಂಕಿ ಕ್ಯಾಪ್ ಇತ್ತು. ನನ್ನ ಹದಿಮೂರು ವರ್ಷದ ಮಗಳು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಮಮ್ಮಿ, ಯೇ ಕಿಸ್ಕಾ ಹೈ?" ಎಂದಳು. ಮನೆಯೊಳಗೆ ಕನ್ನಡವನ್ನೇ ಆಡಬೇಕೆಂಬ ನನ್ನ ಕಾನೂನು ಊಟದ ಹೊತ್ತಿಗೆ ಮಾತ್ರ ಜಾರಿಯಲ್ಲಿರುತ್ತದೆ.

"ಅಂಬಕ್ಕಂದು" ಎಂದೆ.

"ಕೌನ್ ಅಂಬಕ್ಕ?"

ಈ ಪ್ರಶ್ನೆಯನ್ನು ನೀವೂ ಕೇಳುತ್ತೀರಿ. ಆದ್ದರಿಂದ ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಎರಡು ಸಾವಿರದ ನಾಲ್ಕರ ಸುಮಾರಿಗೆ ನಾನು ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಪಾಚಿಯ ಮೇಲೆ ಸಂಶೋಧನೆ ಮಾಡುತ್ತಿದ್ದೆ. ಮೈಸೂರಿನ ನೆಂಟರು ಅದನ್ನು ಕೇಳಿ ಮುಖ ತಿರುಗಿಸಿ ನಗುತ್ತಿದ್ದರು. ಹಾಸ್ಟೆಲಿನ ರೊಟ್ಟಿ ತಿಂದು ಬೇಸತ್ತು ಭಾನುವಾರಗಳಲ್ಲಿ ಕೇದಾರ ಘಾಟಿಗೆ ಇಡ್ಲಿ ತಿನ್ನಲು ಹೋಗುವುದು ನನ್ನ ವ್ರತವಾಗಿತ್ತು. ಇಡ್ಲಿ ಸಿಗುತ್ತಿದ್ದ ಯಾತ್ರಿಗಳ ವಸತಿಯಲ್ಲೇ ಮೆಟ್ಟಿಲ ಪಕ್ಕದ ಸಣ್ಣ ಕೋಣೆ ಅಂಬಕ್ಕನದು. ಗದಗಿನ ಕಡೆಯವರು. ಗಂಡ ತೀರಿಕೊಂಡ ಮೇಲೆ ಕಾಶಿಯಲ್ಲೇ ಪ್ರಾಣ ಬಿಡಬೇಕೆಂದು ಬಂದವರು. ಬಂದು ಎಂಟು ವರ್ಷವಾಗಿತ್ತು. ಅರವತ್ತೆಂಟರ ಆ ಹೆಂಗಸಿಗೆ ನೆಗಡಿ ಬಿಟ್ಟರೆ ಬೇರೆ ಕಾಯಿಲೆ ಬಂದದ್ದನ್ನು ನಾನು ಕಾಣೆ.

"ಜನಾ ಎಲ್ಲಾ ಪಾಚಿ ತಿಕ್ಕಿ ತೊಳೀತಾರ. ನೀ ನೋಡಿದ್ರ ಅದನ್ನ ಬಾಟ್ಲಿಯಾಗ ತುಂಬಿಕೊಂಡು ಬರ್ತೀ" ಎಂದು ನನ್ನನ್ನು ರೇಗಿಸುತ್ತಿದ್ದರು.

ಆ ಶರತ್ಕಾಲದಲ್ಲಿ ನನ್ನ ಗೈಡ್ ನನ್ನನ್ನು ಕರೆದು, ಬಯಲಿನ ನೀರು ಸಾಲದು, ಬೆಟ್ಟದ ಮೇಲಿನ ಸರೋವರದ ಮಾದರಿಯೂ ಬೇಕು ಎಂದರು. ಹಿಮಾಲಯದ ಗಢವಾಲದಲ್ಲಿ ದೇವರಿಯಾ ತಾಲ್ ಎಂಬ ಕೆರೆಯಿದೆ, ಹಿಮ ಬೀಳುವುದರೊಳಗೆ ಹೋಗಿ ಬಾ ಎಂದರು. ನಾನಾಗಲೇ ಸಂಶೋಧನೆ ಬಿಟ್ಟು ಊರಿಗೆ ಮರಳುವ ಯೋಚನೆಯಲ್ಲಿದ್ದೆ. ಒಬ್ಬಳೇ ಬೆಟ್ಟ ಹತ್ತುವುದೆಂದರೆ ಅಳುವೇ ಬಂತು. ಅದನ್ನು ಇಡ್ಲಿಯ ಮುಂದೆ ಕೂತು ಅಂಬಕ್ಕನಿಗೆ ಹೇಳಿಕೊಂಡೆ.

ಅವರು "ಆ ನೀರು ಹರಿಯೂದಿಲ್ಲೇನು? ನಿಂತೇ ಇರ್ತದ?" ಎಂದು ಕೇಳಿದರು.

"ನಿಂತೇ ಇರುತ್ತೆ. ಅದರಲ್ಲಿ ಹಿಮದ ಬೆಟ್ಟ ಕಾಣುತ್ತಂತೆ."

"ಹಂಗಾರ ನಾನೂ ಬರ್ತೀನಿ."

ವಸತಿಯಲ್ಲಿ ಗದ್ದಲವೆದ್ದಿತು. ಮ್ಯಾನೇಜರ್ ಭಟ್ಟರು ಉಡುಪಿ ಕಡೆಯವರು, ಒಳ್ಳೆಯವರೇ. "ಎಂಥದು ಅಂಬಕ್ಕ ಇದು? ಕಾಶಿವಾಸಕ್ಕೆ ಅಂತ ಬಂದವರು ಗಡಿ ದಾಟಿ ಹೋಗುದುಂಟಾ? ದಾರಿಯಲ್ಲಿ ಹೆಚ್ಚುಕಮ್ಮಿ ಆದ್ರೆ ಇಷ್ಟು ವರ್ಷ ಇಲ್ಲಿ ಕೂತದ್ದೆಲ್ಲ ದಂಡ ಅಲ್ವಾ?" ಎಂದರು. ಕಾಶಿಯಲ್ಲಿ ಸತ್ತರೆ ಮುಕ್ತಿ ಎಂದು ನಂಬಿ ಬಂದವರಿಗೆ ಇದು ಸಣ್ಣ ಮಾತಲ್ಲ. ಪಕ್ಕದ ಕೋಣೆಯ ಅಜ್ಜಿ ಮಾತೇ ಬಿಟ್ಟರು. ನಾನೂ ಹೆದರಿ, ಬೇಡ ಎಂದೆ.

"ಎಂಟು ವರ್ಷದಿಂದ ಬಾಗಿಲು ತಗದಿಟ್ಟುಕೊಂಡು ಕೂತೀನಿ, ಅಂವಾ ಯಮರಾಯ ಬಂದಿಲ್ಲ. ಒಂದು ವಾರದಾಗ ಏನು ಅವಸರಾ ಬಂತು ಅವಂಗ?" ಎಂದು ಅಂಬಕ್ಕ ಚೀಲ ತುಂಬಿದರು. ಮರುದಿನ ಗೋದೌಲಿಯಾ ಪೇಟೆಯ ಗುಂಪಿನಲ್ಲಿ ನುಗ್ಗಿ ಇಬ್ಬರೂ ಮಂಕಿ ಕ್ಯಾಪ್ ಕೊಂಡೆವು.

ರೈಲಿನಲ್ಲಿ ಹರಿದ್ವಾರ, ಅಲ್ಲಿಂದ ಇಡೀ ದಿನ ಬಸ್ಸು, ಆಮೇಲೆ ಜೀಪು. ಬಸ್ಸಿನಲ್ಲಿ ವಾಂತಿ ಮಾಡಿಕೊಂಡವಳು ನಾನು. ನನ್ನ ಬೆನ್ನು ನೀವಿದವರು ಅಂಬಕ್ಕ. ಯಾರು ಯಾರನ್ನು ಕರೆದುಕೊಂಡು ಹೋಗುತ್ತಿದ್ದಾರೆ ಎಂದು ನೋಡಿದವರಿಗೆ ತಿಳಿಯುತ್ತಿರಲಿಲ್ಲ.

ಸಾರಿ ಎಂಬ ಹಳ್ಳಿಯಿಂದ ಕೆರೆಗೆ ಕಲ್ಲು ಹಾಸಿದ ಕಾಲುದಾರಿ. ದೂರ ಹೆಚ್ಚಿಲ್ಲ, ಏರು ಮಾತ್ರ ಕಡಿದು. ಅರ್ಧ ದಾರಿಯಲ್ಲಿ ಅಂಬಕ್ಕ ಒಂದು ಕಲ್ಲಿನ ಮೇಲೆ ಕುಸಿದು ಕೂತರು. ಉಸಿರು ಸಿಳ್ಳೆಯಂತೆ ಬರುತ್ತಿತ್ತು, ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು. ಭಟ್ಟರ ಮಾತು ನನ್ನ ಕಿವಿಯಲ್ಲಿ ಗುಂಯ್‌ಗುಟ್ಟಿತು.

"ಇಳಿದುಬಿಡೋಣ ಅಂಬಕ್ಕ. ಇಲ್ಲೇ ಏನಾದ್ರೂ ಆದ್ರೆ ನಾನೇನು ಮಾಡ್ಲಿ?" ಎಂದೆ. ಅಳು ಬಂದೇ ಬಿಟ್ಟಿತು.

ಅವರು ಮಾತಿಗೆ ಉಸಿರು ಕೂಡಿಸಿಕೊಂಡರು. "ಆದ್ರ ಆಗ್ಲಿ. ಈ ಗುಡ್ಡದ ನೀರು ಎಲ್ಲಿಗೆ ಇಳೀತದ?"

"ಕೆಳಗೆ ಮಂದಾಕಿನಿಗೆ. ಅದು ಮುಂದೆ ಗಂಗೆಗೆ."

"ಮತ್ತ? ಕಾಶೀ ದಾರಿ ಅದಕ್ಕ ಗೊತ್ತದ. ನೀ ಅಳಬ್ಯಾಡ."

ಅಷ್ಟರಲ್ಲಿ ಮೇಲಿನಿಂದ ಹುಲ್ಲಿನ ಹೊರೆ ಹೊತ್ತ ಒಬ್ಬ ಹೆಂಗಸು ಇಳಿದು ಬಂದಳು. ಏನನ್ನೂ ಕೇಳದೆ ಹೊರೆಯಿಳಿಸಿ ಅದಕ್ಕೆ ಅಂಬಕ್ಕನನ್ನು ಒರಗಿಸಿದಳು. ಅವರ ಅಂಗಾಲನ್ನು ತನ್ನ ಮಡಿಲಲ್ಲಿಟ್ಟುಕೊಂಡು ಬಿಸಿಯಾಗುವವರೆಗೂ ತಿಕ್ಕಿದಳು. "ಧೀರೇ ಧೀರೇ, ಮಾತಾಜಿ. ತಾಲ್ ಕಹೀಂ ಭಾಗ್ ನಹೀಂ ರಹಾ" ಎಂದಳು. ಕೆರೆ ಎಲ್ಲೂ ಓಡಿಹೋಗುವುದಿಲ್ಲವಂತೆ! ಅಂಬಕ್ಕನಿಗೆ ನಗು ಬಂತು. ನಗುವಿನೊಡನೆ ತುಟಿಗೆ ಕೆಂಪೂ ಬಂತು. ಆಕೆ ತನ್ನ ಊರುಗೋಲನ್ನು ಅವರ ಕೈಗಿತ್ತು, ಹೊರೆ ಹೊತ್ತು, ತಿರುಗಿ ನೋಡದೆ ಇಳಿದು ಹೋದಳು. ಹತ್ತು ಹೆಜ್ಜೆ ನಡೆದು ಕೂರುವುದು, ಮತ್ತೆ ಹತ್ತು ಹೆಜ್ಜೆ. ಹೀಗೆ ಸಂಜೆಯ ಹೊತ್ತಿಗೆ ಮೇಲೆ ತಲುಪಿದೆವು.

ಅಲ್ಲಿ ಏನೂ ಇರಲಿಲ್ಲ. ಬರೀ ಮಂಜು. ಕೆರೆಯ ಅಂಚಿನ ಒಣಹುಲ್ಲು ನಾಲ್ಕು ಮಾರು ಕಂಡು ಆಚೆಗೆ ಬಿಳಿಯಲ್ಲಿ ಕರಗಿತ್ತು. ಇದಕ್ಕಾಗಿ ಮುದುಕಿಯ ಜೀವ ಪಣಕ್ಕಿಟ್ಟೆನೇ ಎಂದು ನನಗೆ ನಾಚಿಕೆಯಾಯಿತು. ಅಂಬಕ್ಕ ಮಾತ್ರ ಚಹಾ ಅಂಗಡಿಯ ಕಂಬಳಿ ಹೊದ್ದು ಸುಖವಾಗಿ ಮಲಗಿದರು.

ಬೆಳಿಗ್ಗೆ ನನ್ನನ್ನು ಎಬ್ಬಿಸಿದವರು ಅವರೇ. ಹೊರಗೆ ಬಂದೆ. ಮಂಜು ಪೂರಾ ಹೋಗಿತ್ತು. ಹೊನ್ನಿನ ಬಣ್ಣಕ್ಕೆ ತಿರುಗಿದ ಹುಲ್ಲು, ಸುತ್ತ ಕಡುಹಸಿರು ಕಾಡು, ನಡುವೆ ಅಲುಗದ ನೀರು. ಆಚೆಗೆ ಚೌಖಂಬಾದ ಹಿಮಶಿಖರಗಳು ಬಿಸಿಲಿಗೆ ಕೆಂಪೇರಿದ್ದವು. ನೀರಿನೊಳಗೂ ಅವೇ ಶಿಖರಗಳು, ತಲೆಕೆಳಗಾಗಿ. ನಾನು ಬಾಟಲಿ ಹಿಡಿದುಕೊಂಡೇ ನಿಂತುಬಿಟ್ಟೆ. ಮಾದರಿ ತೆಗೆಯಲು ಕೈ ಹಾಕಿದರೆ ಆ ಬೆಟ್ಟ ಒಡೆಯುತ್ತದಲ್ಲ!

ಅಂಬಕ್ಕ ಕೈಮುಗಿಯುತ್ತಾರೆ, ತೀರ್ಥವೆಂದು ನೀರು ತುಂಬಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಅವರು ದಡದಲ್ಲಿ ಬಗ್ಗಿ ನೀರಿನಲ್ಲಿ ತಮ್ಮ ಮುಖ ನೋಡಿಕೊಂಡರು. ಬಹಳ ಹೊತ್ತು ನೋಡಿ, "ಪದ್ದಿಗೆ ಇದನ್ನ ತೋರಸಬೇಕಾಗಿತ್ತು" ಎಂದರು.

ಪದ್ದಿ ಯಾರೆಂದು ನನಗೆ ತಿಳಿದದ್ದು ಆಗಲೇ. ತಂಗಿ, ಪದ್ಮಾವತಿ. ಅವ್ವ ತೀರಿಕೊಂಡಾಗ ತಡಮಾಡಿ ತಿಳಿಸಿದಳು, ಮುಖ ನೋಡಲು ಸಿಗಲಿಲ್ಲ ಎಂಬ ಸಿಟ್ಟಿಗೆ ಹನ್ನೊಂದು ವರ್ಷ ಮಾತಿರಲಿಲ್ಲ. "ಸಣ್ಣವರಿದ್ದಾಗ ಇಬ್ಬರೂ ಬಾವಿಯಾಗ ಇಣಿಕಿ ನೋಡಿ ಬೈಸಿಕೊಂತಿದ್ವಿ" ಎಂದು ಹೇಳಿ ಕಣ್ಣೊರೆಸಿಕೊಂಡರು.

ಇಳಿದ ಮೇಲೆ ಜೀಪಿನಲ್ಲಿ ಊಖೀಮಠಕ್ಕೆ ಬಂದು ಅಲ್ಲಿನ ಎಸ್‌ಟಿಡಿ ಬೂತಿಗೆ ನಡೆದರು. ಹನ್ನೊಂದು ವರ್ಷ ಮಾತಾಡದವಳ ನಂಬರ್ ಅವರಿಗೆ ಬಾಯಿಪಾಠವಾಗಿತ್ತು. ಬೆಲ್ ಆಗುವಾಗ ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡರು.

"ಪದ್ದಿ, ನಾನು" ಎಂದರು. ಉತ್ತರಕ್ಕೆ ಕಾಯದೆ ಮತ್ತೆ ಅವರೇ ಕೇಳಿದರು: "ನಿನ್ನ ಹತ್ರ ದಪ್ಪನ ಸ್ವೆಟರ್ ಅದ ಏನು?"

ಮುಂದಿನ ಶರತ್ಕಾಲದಲ್ಲಿ ಪದ್ಮಕ್ಕ ಕಾಶಿಗೆ ಬಂದರು. ಅಕ್ಕತಂಗಿ ಇಬ್ಬರೇ ಬೆಟ್ಟಕ್ಕೆ ಹೋಗಿ ಬಂದರು. ನಾನು ಪ್ರಬಂಧ ಬರೆಯುವುದರಲ್ಲಿ ಮುಳುಗಿದ್ದೆ. ಹೌದು, ಸಂಶೋಧನೆ ಬಿಡಲಿಲ್ಲ. ಆಮೇಲಿನ ಎರಡು ವರ್ಷ ಅಂಬಕ್ಕ ಬೇಸಿಗೆಗೆ ಗದಗಿಗೆ ತಂಗಿಯ ಮನೆಗೆ ಹೋಗಿ ಮಳೆಗಾಲಕ್ಕೆ ಮರಳುತ್ತಿದ್ದರು. ಮೂರನೆಯ ಸಲ ಮರಳಲಿಲ್ಲ. ಟಿಕೆಟ್ ಆಗಿತ್ತು. ಹೊರಡಲು ನಾಲ್ಕು ದಿನವಿರುವಾಗ ಅಲ್ಲೇ ತೀರಿಕೊಂಡರು. "ನನ್ನ ಕೈ ಹಿಡಕೊಂಡೇ ಮಲಗಿದ್ಲು" ಎಂದು ಪದ್ಮಕ್ಕ ಫೋನಿನಲ್ಲಿ ಅತ್ತರು. ಭಟ್ಟರು ನನ್ನನ್ನು ಬೈಯಲಿಲ್ಲ. ಅಂಬಕ್ಕ ಬಿಟ್ಟುಹೋಗಿದ್ದ ಚೀಲಗಳನ್ನೂ ಆ ಮಂಕಿ ಕ್ಯಾಪನ್ನೂ ತೆಗೆದುಕೊಟ್ಟು, "ನಾಲ್ಕು ದಿನ... ಪಾಪ" ಎಂದರು, ಅಷ್ಟೇ.

ಆ 'ಪಾಪ' ಇಷ್ಟು ವರ್ಷವೂ ನನ್ನನ್ನು ಬಿಟ್ಟಿರಲಿಲ್ಲ. ಯಾರಿಗೆ ಈ ಕಥೆ ಹೇಳಿದರೂ ಕೆರೆಯ ದಡದಲ್ಲೇ ನಿಲ್ಲಿಸಿಬಿಡುತ್ತಿದ್ದೆ. ನಾನು ಕರೆದುಕೊಂಡು ಹೋಗದಿದ್ದರೆ ಅವರು ಕಾಶಿ ಬಿಡುತ್ತಿರಲಿಲ್ಲ, ಬಯಸಿದ ಸಾವು ಸಿಗುತ್ತಿತ್ತು ಎಂಬ ಅಳುಕು. ಮೊನ್ನೆ ಏಕೋ ಮಗಳಿಗೆ ಕೊನೆಯವರೆಗೂ ಹೇಳಿದೆ. ಹೇಳಿ ಅವಳ ಮುಖ ನೋಡಿದೆ.

ಅವಳು ಆ ಮಂಕಿ ಕ್ಯಾಪನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡಳು. ಊಟದ ಹೊತ್ತಲ್ಲದಿದ್ದರೂ ಕನ್ನಡದಲ್ಲೇ ಕೇಳಿದಳು: "ಆದ್ರೆ ಅವ್ರಿಗೆ ತಂಗಿ ಸಿಕ್ಕಿದ್ರಲ್ಲ, ಅಮ್ಮ?"

ಹೌದು, ಸಿಕ್ಕಿದ್ದರು. ನನಗೆ ಇದು ಹೊಳೆಯಲು ಇಷ್ಟು ವರ್ಷ ಬೇಕಾಯಿತು. ತಾರಸಿಯ ಬಿಸಿಲು ಹಿತವಾಗಿತ್ತು. ನಾನು ಪದ್ಮಕ್ಕನಿಗೆ ಫೋನ್ ಮಾಡದೆ ಬಹಳ ಕಾಲವಾಗಿತ್ತು, ಎದುರಿಸುವ ಧೈರ್ಯವಿರಲಿಲ್ಲ. ಒಳಗೆ ಹೋಗಿ ಹಳೆಯ ಡೈರಿ ಹುಡುಕಿ ತಂದೆ. ಆ ಕಡೆ ಬೆಲ್ ಆಗುತ್ತಿದ್ದಂತೆ ಮಗಳು ಕಿವಿಗೊಡಲು ನನ್ನ ಪಕ್ಕಕ್ಕೆ ಬಂದು ಕೂತಳು.