ಮಣ್ಣಿನ ಗುಡ್ಡೆಯ ಮೇಲೆ ಮೆಂತ್ಯ

ಯಲಹಂಕದ ನಮ್ಮ ಅಪಾರ್ಟ್‌ಮೆಂಟ್ ಸೈಟಿಗೆ ಹಸಿರು ಕಟ್ಟಡದ ಸರ್ಟಿಫಿಕೇಟ್ ತರಲೇಬೇಕೆಂದು ಕಂಪನಿ ಹಟ ಹಿಡಿದಾಗ, ಆ ಕೆಲಸವೆಲ್ಲ ನನ್ನ ತಲೆಗೆ ಬಂತು. ನಲ್ಲಿಯ ನೀರು ಅಳೆದೆ, ಪೇಂಟಿನ ವಾಸನೆಗೂ ದಾಖಲೆ ಇಟ್ಟೆ. ಆದರೆ ನನ್ನ ಪ್ರಾಣ ತಿಂದದ್ದು ಮಣ್ಣು. ಪಾಯ ಅಗೆಯುವ ಮೊದಲು ಫಲವತ್ತಾದ ಮೇಲ್ಮಣ್ಣನ್ನು ಕೆರೆದು ಗುಡ್ಡೆ ಹಾಕಿ, ಮುಂದೆ ಕೈತೋಟಕ್ಕೆ ಬಳಸುವವರೆಗೆ ಕಾಪಾಡಬೇಕಂತೆ; ಸರ್ಟಿಫಿಕೇಟಿಗೆ ಬೇಕಾದ ಪಾಯಿಂಟುಗಳಲ್ಲಿ ಅದಕ್ಕೂ ಒಂದು.

"ನೋಡಮ್ಮಾ, ಅದ್ರಲ್ಲಿ ಪಾಯಿಂಟ್ ಹೋದ್ರೆ, ಕೆಲ್ಸ ಪರ್ಮನೆಂಟ್ ಮಾಡಿ ಅಂತ ನನ್ ಹತ್ರ ಬರ್ಬೇಡ" ಎಂದಿದ್ದರು ಮ್ಯಾನೇಜರು.

ಅಷ್ಟಾದರೂ ನಾನು ವಾರಗಟ್ಟಲೆ ಗುಡ್ಡೆಯಿದ್ದ ಮೂಲೆಗೆ ತಲೆ ಹಾಕದೆ, ಆಫೀಸಿನಲ್ಲೇ ಕೂತು 'ಟಾರ್ಪಾಲಿನಿಂದ ಮುಚ್ಚಲಾಗಿದೆ' ಎಂದು ಟಿಕ್ ಹಾಕುತ್ತಿದ್ದೆ. ಸರ್ಟಿಫಿಕೇಟಿನ ಪರಿಶೀಲಕರು ಬರುವ ದಿನ ಬೆಳಿಗ್ಗೆ ಹೋಗಿ ನೋಡಿದರೆ ಟಾರ್ಪಾಲು ಪಕ್ಕಕ್ಕೆ ಸರಿದಿದೆ, ಗುಡ್ಡೆಯ ತುಂಬ ಎಳೆ ಮೆಂತ್ಯ ಸೊಪ್ಪು! ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದಿದ್ದ ಹೆಂಗಸೊಬ್ಬಳು ಬೆಳೆಸಿದ್ದಳು.

"ಇನ್ನ ನಾಕ್ ದಿನ ಬಿಡ್ರಿ ಮೇಡಂ, ಶೆಡ್ಡಿನ ಮಂದಿಗೆಲ್ಲಾ ಪಲ್ಯ ಆಗ್ತದ" ಎಂದು ಬೇಡಿಕೊಂಡಳು.

ನನಗೆ ನಾಲ್ಕು ನಿಮಿಷದ ತಾಳ್ಮೆಯೂ ಇರಲಿಲ್ಲ. ದುಪಟ್ಟಾ ಸೊಂಟಕ್ಕೆ ಬಿಗಿದು ನಾನೇ ಅಷ್ಟನ್ನೂ ಕಿತ್ತೆ. ಟಾರ್ಪಾಲು ಎಳೆದು ನಾಲ್ಕು ಮೂಲೆಗೂ ಕಲ್ಲು ಹೇರಿದೆ. ಅವಳು ಸೊಪ್ಪನ್ನು ಮಡಿಲಿಗೆ ಆಯ್ದುಕೊಂಡಳು. ಬೇಯಿಸಿದರೆ ಶೆಡ್ಡಿನ ಅರ್ಧ ಮಂದಿಗೂ ಸಾಲದು.

ಪರಿಶೀಲಕರು ಗುಡ್ಡೆಯ ಸುತ್ತ ಒಂದು ಸುತ್ತು ಬಂದರು.

"ಬರೀ ಟಾರ್ಪಾಲಾ? ಇಷ್ಟ್ ತಿಂಗ್ಳು ಇಡೋ ಮಣ್ಣಿಗೆ ಏನಾದ್ರೂ ಬಿತ್ತಿರ್ಬೇಕಿತ್ತಲ್ರೀ. ಹುಲ್ಲೋ ಸೊಪ್ಪೋ, ಬೇರು ಮಣ್ಣನ್ನ ಹಿಡ್ಕೊಳ್ಳುತ್ತೆ. ಮುಂದಿನ್ ತಿಂಗ್ಳು ಬರ್ತೀನಿ, ಆಗ್ಲೂ ಬೋಳಾಗೇ ಇದ್ರೆ ಪಾಯಿಂಟ್ ಇಲ್ಲ."

ಮ್ಯಾನೇಜರು ನನ್ನನ್ನು ನೋಡಿದರು. ಮೆಂತ್ಯದ ವಾಸನೆ ಹೊಡೆಯುತ್ತಿದ್ದ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಮಾಡಿದ್ದುಣ್ಣೋ ಮಹಾರಾಯ ಎನ್ನುವ ಗಾದೆಯಲ್ಲಿ ಮಹಾರಾಯಿತಿಯರಿಗೂ ರಿಯಾಯಿತಿ ಇಲ್ಲ.

ಸಂಜೆ ಅಂಗಡಿಯಿಂದ ಕಾಲು ಕೆಜಿ ಮೆಂತ್ಯದ ಕಾಳು ಕಟ್ಟಿಸಿಕೊಂಡು ಅವಳ ಶೆಡ್ಡಿಗೆ ಹೋದೆ. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

"ತಪ್ಪಾಯ್ತಮ್ಮಾ. ಮತ್ತೆ ಬಿತ್ತಿಕೊಡ್ತೀರಾ?"

ಅವಳು ನಾಲ್ಕು ಕಾಳು ಅಂಗೈಯಲ್ಲಿ ಉರುಳಿಸಿ ನೋಡಿದಳು.

"ಬಿತ್ತತೀನ್ರೀ. ಸಾಹೇಬ್ರು ನೋಡಿ ಹೋದಮ್ಯಾಲ ಕೀಳೋರು ಯಾರು?"

"ನೀವೇ" ಎಂದೆ.

"ಹಂಗಂತ ಬರ್ದು ಕೊಡ್ರಿ."

ಅಲ್ಲೇ ಕೂತು, ಸಹಿ ಹಾಕಿ, ಬರೆದುಕೊಟ್ಟೆ.