ಆಂಥೋನಿ ಓದಿ ಹೇಳಿದ ಪ್ರೋಗ್ರಾಂ

ದೆವ್ವ, ಭೂತ ಎಂದು ಯಾರಾದರೂ ಕಥೆ ಶುರು ಮಾಡಿದರೆ ‘ಆಗ ಕರೆಂಟ್ ಇತ್ತಾ? ವೈರಿಂಗ್ ಎಷ್ಟು ಹಳೇದು?’ ಎಂದು ಕೇಳಿ ಅವರ ಉತ್ಸಾಹಕ್ಕೆ ತಣ್ಣೀರೆರಚುತ್ತಿದ್ದವಳು ನಾನು. ಕೆ.ಆರ್. ಪುರದ ಕೆರೆ ಏರಿಯ ಮೇಲೆ ತಾನು ಕಂಡದ್ದನ್ನು ನಮ್ಮಜ್ಜಿ ಹೇಳಿದಾಗಲೂ ನಕ್ಕಿದ್ದೆ. ಹಾಗಾಗಿ ಇದನ್ನು ಓದಿ ನೀವು ನಕ್ಕರೆ ನನಗೆ ಬೇಜಾರಿಲ್ಲ. ನನ್ನ ಬಡಾಯಿಗೆ ತಕ್ಕ ಶಾಸ್ತಿ ಅಂದುಕೊಳ್ಳುತ್ತೇನೆ.

ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ಇಂದಿರಾನಗರದ ಒಂದು ಸಣ್ಣ ಕಂಪನಿಯಲ್ಲಿ ನಾನು ಎಂಜಿನಿಯರ್. ಕಾರ್ಖಾನೆಯ ಯಂತ್ರಗಳಿಗೆ ಕಂಟ್ರೋಲರ್ ಕೂರಿಸುವುದು ನಮ್ಮ ಕೆಲಸ. ಕಂಟ್ರೋಲರ್ ಎಂದರೆ, ಯಾವಾಗ ಓಡು, ಯಾವಾಗ ನಿಲ್ಲು ಎಂದು ಯಂತ್ರಕ್ಕೆ ಹೇಳುವ, ಊಟದ ಡಬ್ಬಿಯಷ್ಟಿರುವ ಒಂದು ಪೆಟ್ಟಿಗೆ. ಅದರೊಳಗಿನ ಪ್ರೋಗ್ರಾಂ ಬರೆಯುವವರು ನಾವು. ಮಹದೇವಪುರದ ಒಂದು ಕಾರ್ಖಾನೆಯಲ್ಲಿ ಔಷಧಿ ಬಾಟಲಿಗೆ ಮುಚ್ಚಳ ಹಾಕುವ ಯಂತ್ರವಿತ್ತು. ಅದರ ಪ್ರೋಗ್ರಾಂ ಬರೆದವನು ಮಲ್ಲಿಕಾರ್ಜುನ.

ರಾಯಚೂರಿನ ಕಡೆಯವನು. ಹೊಸ ತಿಪ್ಪಸಂದ್ರದಲ್ಲಿ ಬಾಡಿಗೆ ರೂಮು. ಎದುರಿಗೆ ನಾನು ಅವನನ್ನು ‘ರೀ’ ಎನ್ನುತ್ತಿದ್ದೆ. ಮನಸ್ಸಿನಲ್ಲಿ ಮಾತ್ರ ‘ಅವನು’. ಆ ಯಂತ್ರ ಶುರುವಾಗುವ ಮುನ್ನ ಏಳು ಸೆಕೆಂಡು ಸುಮ್ಮನೆ ಕಾಯುವಂತೆ ಅವನು ಬರೆದಿದ್ದ. ಮೂರು ಸಾಕು, ಉತ್ಪಾದನೆ ಕಮ್ಮಿಯಾಗುತ್ತದೆ ಎಂದು ಕಾರ್ಖಾನೆಯ ಮ್ಯಾನೇಜರು ಕೂಗಾಡಿದ್ದರು. ಇವನು ಜಗ್ಗಲಿಲ್ಲ. ಬಾಟಲಿ ಜೋಡಿಸುವ ವಯಸ್ಸಾದ ಹೆಂಗಸಿನ ಕಡೆ ತೋರಿಸಿ, “ನಮ್ಮವ್ವಗ ಕೈ ತೆಗಿಯಾಕ ಏಳು ಸೆಕೆಂಡ್ ಬೇಕ್ರಿ. ಈಕಿನೂ ಯಾರದೋ ಅವ್ವನ ಅಲ್ಲೇನ್ರಿ?” ಎಂದಿದ್ದ. ನನ್ನ ಮನಸ್ಸು ಅವನ ಕಡೆ ವಾಲಿದ್ದು ಆವತ್ತೇ.

ಪ್ರೋಗ್ರಾಮಿನ ಕೊನೆಯಲ್ಲಿ ಕೆಲಸಕ್ಕೆ ಬಾರದ ಒಂದು ಸಾಲೂ ಇತ್ತು. ಯಂತ್ರ ನಿಂತ ಮೇಲೆ ಹಸಿರು ದೀಪ ಒಂದು ನಿಮಿಷ ಉರಿಯುತ್ತಿತ್ತು. ಯಾಕ್ರೀ ಇದು ಎಂದು ಕೇಳಿದ್ದಕ್ಕೆ ನಕ್ಕು, “ಊರಿಗೆ ಹೋಗಿ ಬರ್ತೀನ್ರಿ. ಬಂದ ಮ್ಯಾಲೆ ಹೇಳ್ತೀನಿ” ಎಂದ. ಯುಗಾದಿಗೆಂದು ಹೋದವನು ಬರಲಿಲ್ಲ. ಕಾಮಾಲೆಯಂತೆ. ಮಣ್ಣು ಮಾಡಿ ವಾರವಾದ ಮೇಲೆ ಆಫೀಸಿಗೆ ಫೋನ್ ಬಂತು. ಅಳುವುದಕ್ಕೂ ನನಗೆ ಹಕ್ಕಿರಲಿಲ್ಲ, ಏನೆಂದು ಹೇಳಿಕೊಂಡು ಅಳಲಿ? ಅವನದೊಂದು ಫೋಟೋ ಇಲ್ಲ, ಕೈಬರಹದ ಚೀಟಿ ಇಲ್ಲ. ಇದ್ದದ್ದು ಆ ಪ್ರೋಗ್ರಾಂ ಒಂದೇ. ನಕಲು ಆಫೀಸಿನ ಫ್ಲಾಪಿಯಲ್ಲಿ ಭದ್ರವಾಗಿದೆ ಎಂದು ನಂಬಿಕೊಂಡಿದ್ದೆ.

ಎರಡು ವರ್ಷ ಕಳೆದು ಆಯುಧಪೂಜೆ ಬಂತು. ನಮ್ಮ ಕಾರ್ಖಾನೆಗಳಲ್ಲಿ ಪೂಜೆಯ ಭಕ್ತಿ ಹೇಗಿರುತ್ತದೆಂದು ನಿಮಗೆ ಗೊತ್ತು. ಯಂತ್ರಕ್ಕೆ ಹೂವು, ಕುಂಕುಮ ಸರಿ. ಮಹದೇವಪುರದ ಆ ಕಾರ್ಖಾನೆಯ ಸೂಪರ್‌ವೈಸರು, ಮಿದುಳಿಗೂ ಪೂಜೆಯಾಗಲಿ ಎಂದು ಪ್ಯಾನೆಲ್ ಬಾಗಿಲು ತೆಗೆದು ಕಂಟ್ರೋಲರ್ ಮೇಲೇ ಅರಿಶಿನದ ನೀರು ಚಿಮುಕಿಸಿದ್ದರು. ರಜೆ ಮುಗಿಸಿ ಸ್ವಿಚ್ ಹಾಕಿದರೆ ಚಟ್ ಅಂತ ಸುಟ್ಟುಹೋಯಿತು.

ಹೊಸ ಪೆಟ್ಟಿಗೆ ತೆಗೆದುಕೊಂಡು ಹೊರಡುವ ಮುನ್ನ ಫ್ಲಾಪಿ ಹಾಕಿದೆ. ತೆರೆಯಲೇ ಇಲ್ಲ, ಬೂಷ್ಟು ಹಿಡಿದಿತ್ತು. ಒರೆಸಿ ಮತ್ತೆ ಮತ್ತೆ ಹಾಕಿ ನೋಡಿದೆ. ಕಾರ್ಖಾನೆಗೆ ಹೋಗಿ ನೆನಪಿನಿಂದಲೇ ಹೊಸದಾಗಿ ಪ್ರೋಗ್ರಾಂ ಬರೆದೆ. ತಲೆಯ ಮೇಲೆ ನಿಂತ ಮ್ಯಾನೇಜರು ಮೂರೇ ಸೆಕೆಂಡು ಹಾಕಿಸಿದರು. ಮಲ್ಲಿಕಾರ್ಜುನನಂತೆ ವಾದಿಸುವ ತ್ರಾಣ ನನಗಿರಲಿಲ್ಲ. ಹಸಿರು ದೀಪದ ಸಾಲನ್ನು ಬರೆಯಲು ಹೋಗಿ ಕೈ ಬರದೆ ಬಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಯಂತ್ರ ಓಡಿತು.

ಉಳಿದದ್ದು ಒಂದೇ ಕೆಲಸ. ಟೆಲಿಫೋನ್ ಲೈನಿನ ಮೂಲಕ ಇಂದಿರಾನಗರದ ಆಫೀಸಿನಿಂದಲೇ ಕಂಟ್ರೋಲರನ್ನು ನೋಡುವ ವ್ಯವಸ್ಥೆ ಮೊದಲಿನಿಂದಲೂ ಇತ್ತು. ಹೊಸ ಪೆಟ್ಟಿಗೆ ಕೂರಿಸಿದ ಮೇಲೆ ಅದು ಸಿಗುತ್ತಿರಲಿಲ್ಲ. ಆಫೀಸಿನಲ್ಲಿ ಆಂಥೋನಿ ಕೂತಿದ್ದರು. ಶಿವಾಜಿನಗರದವರು, ಮಲ್ಲಿಕಾರ್ಜುನ ಹೋದ ಮೇಲೆ ಸೇರಿದವರು, ಅವನ ಮುಖವನ್ನೂ ಕಂಡಿರಲಿಲ್ಲ. ಪ್ಯಾನೆಲ್ ಮುಂದಿನ ನನ್ನ ಲ್ಯಾಪ್‌ಟಾಪಿಗೆ ಪೆಟ್ಟಿಗೆ ಸಿಗುತ್ತಿತ್ತು, ಅವರಿಗೆ ಇಲ್ಲ. ಮೋಡೆಮ್ ಆರಿಸಿ ಹಚ್ಚಿದೆ, ವೈರ್ ಬದಲಿಸಿದೆ. ಎರಡು ಗಂಟೆ ಹೀಗೇ ಹೋಯಿತು. ಹೆಂಗಸರು ಟೀಗೆ ಎದ್ದರು, ಯಂತ್ರ ನಿಂತಿತು.

ಆಗ ಮೊಬೈಲಿನಲ್ಲಿ ಆಂಥೋನಿ, “ಮೇಡಂ, ಓಪನ್ ಆಯ್ತು. ಫಸ್ಟ್ ಲೈನಲ್ಲೇ ಸೆವೆನ್ ಸೆಕೆಂಡ್ ವೇಟ್ ಅಂತಿದೆ. ಅಷ್ಟೊಂದು ಯಾಕೆ ಮೇಡಂ?” ಎಂದರು.

ನನ್ನ ಲ್ಯಾಪ್‌ಟಾಪ್ ನೋಡಿದೆ. ಮೂರು ಎಂದೇ ಇತ್ತು. ಮುಂದೆ ಓದಿ ಎಂದೆ. ಅವರು ಒಂದೊಂದೇ ಸಾಲು ಓದಿದರು. ಅದು ನಾನು ಬರೆದದ್ದಲ್ಲ. ನಾನು ಮರೆತೇಬಿಟ್ಟಿದ್ದ ಸಾಲುಗಳೂ ಅದರಲ್ಲಿದ್ದವು. ಕಾಗದ ಬರೆಯದೇ ಹೋದವನ ಕಾಗದವನ್ನು ಯಾರೋ ಓದಿ ಹೇಳಿದಂತೆ, ಫೋನನ್ನು ಕಿವಿಗೊತ್ತಿಕೊಂಡು ಕೇಳಿದೆ. ಕಣ್ಣಲ್ಲಿ ನೀರು ಇಳಿಯುತ್ತಿತ್ತು. “ಲಾಸ್ಟಲ್ಲಿ ಒಂದು ಗ್ರೀನ್ ಲ್ಯಾಂಪ್ ಇದೆ ಮೇಡಂ, ಒನ್ ಮಿನಿಟ್,” ಎಂದರು.

ಅದೇ ಹೊತ್ತಿಗೆ ನನ್ನ ಕಣ್ಣು ಪರದೆಯ ಒಂದು ಖಾಲಿ ಜಾಗದ ಮೇಲೆ ಬಿತ್ತು. ಹೊರಗಿನಿಂದ ಯಾರಾದರೂ ಕರೆದರೆ ಉತ್ತರವನ್ನು ಯಾವ ದಾರಿಯಲ್ಲಿ ಕಳಿಸಬೇಕೆಂದು ಪೆಟ್ಟಿಗೆಗೆ ಹೇಳಿಕೊಡಬೇಕು. ಅದನ್ನು ಗೇಟ್‌ವೇ ಎನ್ನುತ್ತೇವೆ. ಹೊಸ ಪೆಟ್ಟಿಗೆಯಲ್ಲಿ ಅದನ್ನು ತುಂಬುವುದನ್ನೇ ಮರೆತಿದ್ದೆ. ಅಂದರೆ ಆಂಥೋನಿಗೆ ಇಲ್ಲಿಂದ ಉತ್ತರ ಹೋಗುವುದು ಸಾಧ್ಯವೇ ಇರಲಿಲ್ಲ. ಅಷ್ಟು ಗೊತ್ತಾದರೂ ಸುಮ್ಮನಿರಬೇಕೋ ಬೇಡವೋ? ತಪ್ಪು ಕಂಡರೆ ತಿದ್ದುವ ಕೈ ನನ್ನದು. ಖಾಲಿ ಜಾಗದಲ್ಲಿ ಗೇಟ್‌ವೇಯ ವಿಳಾಸ ತುಂಬಿ ಗುಂಡಿ ಒತ್ತಿದೆ.

ಕಟ್ಟಾಯಿತು ಎಂದರು ಆಂಥೋನಿ. ನಿಮಿಷ ಬಿಟ್ಟು ಮತ್ತೆ ಸಿಕ್ಕಿತು. ಈಗ ಮೂರು ಸೆಕೆಂಡು ಇದೆ, ದೀಪ ಇಲ್ಲ ಎಂದರು.

ಆಮೇಲೆ ನಾನು ಹುಡುಕದ ಜಾಗವಿಲ್ಲ. ಆಫೀಸಿನ ಯಾವ ಕಂಪ್ಯೂಟರಿನಲ್ಲೂ ಹಳೆಯ ಪ್ರೋಗ್ರಾಂ ಇರಲಿಲ್ಲ. ಸುಟ್ಟ ಪೆಟ್ಟಿಗೆ ಮೇಜಿನ ಮೇಲೆ ವೈರಿಲ್ಲದೆ ಬಿದ್ದಿತ್ತು. ಕರೆಂಟ್ ಕೊಟ್ಟು ನೋಡಿದರೆ ಮಿಸುಕಲಿಲ್ಲ. ಆಂಥೋನಿ ಕರ್ತನಾಣೆ, ಕಂಡದ್ದನ್ನೇ ಓದಿದ್ದು ಎಂದರು. ಅವರು ಸುಳ್ಳು ಹೇಳುವವರಲ್ಲ. ಇದಕ್ಕೆ ವಿವರಣೆ ಗೊತ್ತಿರುವವರು ಹೇಳಿದರೆ ಈಗಲೂ ಕೇಳುತ್ತೇನೆ.

ಆದರೆ ನನ್ನನ್ನು ಕೊರೆಯುವುದು ಅದಲ್ಲ. ಅವರು ಓದುತ್ತಿದ್ದಾಗ ‘ಸೇವ್ ಮಾಡಿಕೊಳ್ಳಿ’ ಎಂದಿದ್ದರೆ ಸಾಕಿತ್ತು, ಅವನದೆನ್ನುವುದು ಒಂದು ನನ್ನ ಬಳಿ ಉಳಿಯುತ್ತಿತ್ತು. ಅದು ಬಾಯಿಗೆ ಬರಲೇ ಇಲ್ಲ. ಸಂಜೆ ಮ್ಯಾನೇಜರು ಕೆಲಸ ಅಚ್ಚುಕಟ್ಟಾಗಿದೆ ಎಂದು ಸಹಿ ಹಾಕಿಕೊಟ್ಟರು. ಅಚ್ಚುಕಟ್ಟೇನೋ ಹೌದು. ಆ ಖಾಲಿ ಜಾಗದ ತಪ್ಪನ್ನು ಒಂದೇ ಒಂದು ದಿನ ಹಾಗೇ ಬಿಟ್ಟಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?